ಹಾಡು ಮುಗಿಯುವವರೆಗೆ

ಎಪ್ಪತ್ತರ ದಶಕದ ಕೋಲಾರದ ಟಾಕೀಸಿನಲ್ಲಿ ಹಾಡು ಶುರುವಾದ ಕೂಡಲೇ ಗಂಡಸರು ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ಆವತ್ತು ಅದ್ಯಾಕೋ ಇಂಗ್ಲಿಷ್ ಸಿನಿಮಾ ಬಂದಿತ್ತು. ಉದ್ದ ಕೂದಲಿನ ಗಿಟಾರಿನವರು ಬರಗಾಲದ ಜನರಿಗಾಗಿ ಹಾಡಿದ ಕಚೇರಿಯನ್ನೇ ಚಿತ್ರ ಮಾಡಿದ್ದರು.

"ಹಾಡು ಮುಗಿದ್ರೆ ಕೂಗೇ" ಎಂದು ನನಗೆ ಹೇಳಿ ಸೋದರಮಾವನೂ ಬೀಡಿ ಹಿಡಿದು ಹೊರಗೆ ಹೋದರು. ಒಂದು ಮುಗಿದರೆ ಇನ್ನೊಂದು ಹಾಡು, ಕೂಗುವುದೆಲ್ಲಿ ಬಂತು? ಆ ಗಿಟಾರಿನವರೆಲ್ಲ ಕಣ್ಣು ಮುಚ್ಚಿ ಹಾಗೆ ಕಿರುಚುವುದೇಕೆ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನಡುವೆ ಒಮ್ಮೆ ಮಾತ್ರ, ಖಾಲಿ ತಟ್ಟೆ ಹಿಡಿದ ಮಗುವೊಂದು ಪರದೆಯ ಮೇಲೆ ಬಂದು ಹೋಯಿತು.

ದೀಪ ಹತ್ತಿದ ಮೇಲೆ ಮಾವ ಒಳಗೆ ಬಂದರು. "ಕಥೆ ಏನೇ?"

"ಹಸಿದಿರೋ ಮಗೂಗೋಸ್ಕರ ಹಾಡಿದ್ರು, ಮಾವ."

"ಆಮೇಲೆ? ಮಗೂಗೆ ಊಟ ಸಿಕ್ತಾ?"

ಅದನ್ನು ತೋರಿಸದೆಯೇ ಆ ಮಹಾನುಭಾವರು ಸಿನಿಮಾ ಮುಗಿಸಿಬಿಟ್ಟಿದ್ದರು.