ಜಕಿಯಾ ಕೈ ಎತ್ತಿದ್ದು ಚೀಲದ ತೆರಿಗೆಗೆ

ಸಫಾಕ್ಸ್ ಎಂಬ ಕಡಲತೀರದ ನಗರದ ದಕ್ಷಿಣಕ್ಕಿರುವ ಒಂದು ಪುಟ್ಟ ಊರಿನ ಮಾರುಕಟ್ಟೆಯಲ್ಲಿ ಉಪ್ಪುನೀರಿನ ಆಲಿವ್ ಕಾಯಿ ಮಾರುವ ಜಕಿಯಾಳಿಗೆ ಇಬ್ಬರು ಗಂಡಂದಿರಾಗಿದ್ದರು. ಒಬ್ಬ ಸತ್ತ, ಇನ್ನೊಬ್ಬನನ್ನು ಅವಳೇ ಓಡಿಸಿದಳು. ಇಬ್ಬರೂ ಅವಳ ಬಾಯಿಗೆ ಹೆದರುತ್ತಿದ್ದರು ಎಂಬುದರಲ್ಲಿ ಊರಿನಲ್ಲಿ ಎರಡು ಮಾತಿರಲಿಲ್ಲ.

ಪ್ಲಾಸ್ಟಿಕ್ ಚೀಲವೊಂದಕ್ಕೆ ನೂರು ಮಿಲ್ಲಿಮ್ ತೆರಿಗೆ ಹಾಕಬೇಕೇ ಬೇಡವೇ ಎಂದು ಪುರಸಭೆಯವರು ಊರಿನ ಸಭೆ ಕರೆದಾಗ ತೆರಿಗೆ ಬೇಡವೆಂದ ವ್ಯಾಪಾರಿಗಳೆಲ್ಲ ಆ ಬಾಯಿಯನ್ನೇ ನಂಬಿ ಅವಳನ್ನು ಮುಂದೆ ತಳ್ಳಿದರು. ಪುರಸಭೆ ಸದಸ್ಯ ಲಮೀನ್ ಎದ್ದು, ಚೀಲ ನುಂಗಿ ಸಾಯುವ ಕಡಲಾಮೆಗಳ ಗೋಳನ್ನು ಅರ್ಧ ಗಂಟೆ ವರ್ಣಿಸಿದ.

"ಆಮೆ ಕಥೆ ಸಾಕಪ್ಪಾ," ಎಂದಳು ಜಕಿಯಾ. "ನನ್ನ ಕಾಯಿ ನೀರು ಸುರಿಸ್ತವೆ. ಗಿರಾಕಿ ಅಂಗೈಲಿ ಹಿಡ್ಕೊಂಡು ಹೋಗ್ಬೇಕಾ?"

"ಮನೆಯಿಂದ ಡಬ್ಬಿ ತರ್ಲಿ, ಚಿಕ್ಕಮ್ಮ."

"ಮೊನ್ನೆ ನೀನು ತಂದ್ಯಾ? ಸೋರುತ್ತೆ ಅಂತ ಒಂದರೊಳಗೊಂದು ಮೂರು ಚೀಲ ಹಾಕಿಸ್ಕೊಂಡೆ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಮೀನ್ ಕುಳಿತುಬಿಟ್ಟ. ಕೋಳಿ ಮಾರುವ ಮೊನ್ಸಿಫ್ ಹುಮ್ಮಸ್ಸಿನಲ್ಲಿ ಎದ್ದು, "ಚೀಲದಿಂದ ಈ ಊರಲ್ಲಿ ಯಾರಾದ್ರೂ ಸತ್ತಿದ್ದಾರಾ?" ಎಂದು ಕೂಗಿದ.

ಜಕಿಯಾಳ ಮುಖ ಇಳಿಯಿತು. ಚಳಿಗಾಲದಲ್ಲಿ ಅವಳ ಮೇಕೆ ಹೊಟ್ಟೆ ಉಬ್ಬಿ ಸತ್ತಿತ್ತು. ಪಶುವೈದ್ಯ ಕೊಯ್ದು ನೋಡಿದರೆ ಒಳಗೆ ಚೀಲಗಳ ದೊಡ್ಡ ಉಂಡೆ. ಹೆಚ್ಚಿನವಕ್ಕೆ ಕೆಂಪು ದಾರದ ಗಂಟು. ಚೀಲಕ್ಕೆ ಕೆಂಪು ದಾರ ಕಟ್ಟುವವಳು ಇಡೀ ಮಾರುಕಟ್ಟೆಯಲ್ಲಿ ಅವಳೊಬ್ಬಳೇ. ಅದನ್ನು ಯಾರಿಗೂ ಹೇಳದೆ, ಪಕ್ಕದ ಮನೆಯವಳ ಕಣ್ಣು ಬಿತ್ತೆಂದು ಊರೆಲ್ಲ ಬೈದುಕೊಂಡು ತಿರುಗಿದ್ದಳು.

"ನನ್ನ ಮೇಕೆ ಸತ್ತಿದೆ," ಎಂದಳು ಕೊನೆಗೆ. "ನಾನು ಕಟ್ಟಿದ ಚೀಲಾನೇ ತಿಂದು."

"ಒಂದು ಮೇಕೆಗೋಸ್ಕರ ನಮ್ಮ ಹೊಟ್ಟೆ ಮೇಲೆ ಹೊಡೀತೀಯಾ?" ಎಂದ ಮೊನ್ಸಿಫ್.

"ನಿನಗಿಂತ ಅದಕ್ಕೆ ಬುದ್ಧಿ ಇತ್ತು ಕಣೋ. ಮೇಲಾಗಿ ಹಾಲೂ ಕೊಡ್ತಿತ್ತು."

ಕೈ ಎತ್ತಿ ಎಂದಾಗ ತೆರಿಗೆಯ ಪರವಾಗಿ ಮೊದಲು ಮೇಲೆದ್ದ ಕೈ ಅವಳದೇ. ಎರಡೇ ಎರಡು ಕೈ ಹೆಚ್ಚಾಗಿ ತೆರಿಗೆ ಗೆದ್ದಿತು. ಮೂರು ವಾರ ಮಾರುಕಟ್ಟೆಯಲ್ಲಿ ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಅವಳು ಮಾತ್ರ ಎಲ್ಲರೊಂದಿಗೂ ಮಾತಾಡಿದಳು, ಅದೂ ಗಟ್ಟಿಯಾಗಿ. ಪಕ್ಕದ ಮನೆಗೆ ಒಂದು ಜಾಡಿ ಕಾಯಿ ಕಳಿಸಿದಳು, ಕ್ಷಮೆಯನ್ನೇನೂ ಕೇಳಲಿಲ್ಲ.

ನಾಲ್ಕನೇ ವಾರ ಲಮೀನ್ ಗಾಜಿನ ಜಾಡಿ ಹಿಡಿದು, ಎದೆಯುಬ್ಬಿಸಿ ಬಂದ. ಅವಳು ಮುಚ್ಚಳ ತೆಗೆದು ಮೂಸಿದಳು.

"ಹೋದ ವರ್ಷದ ಖಾರದ ಚಟ್ನಿ ಇನ್ನೂ ಅಂಟ್ಕೊಂಡಿದೆ. ಹೋಗು, ತೊಳ್ಕೊಂಡು ಬಾ."

ಮಾನ್ಯ ಸದಸ್ಯರು ಜಾಡಿ ಹಿಡಿದು ನಲ್ಲಿಯ ಕಡೆ ನಡೆದರು.