ಸೊಸೆ ಹೇಳಿದ ‘ಆಯ್ತಮ್ಮ’

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ದುಡಿಯುವ ಹೆಂಗಸರಲ್ಲಿ ಆಕೆಯೇ ಹಿರಿಯಳು. ಎಲ್ಲರಿಗೂ ಲಾಂಡ್ರಿ ಅಕ್ಕ. ಸುಳ್ಳು ಹೇಳಲು ಹೋದರೆ ಬಾಯಿಗಿಂತ ಮೊದಲು ಅವಳ ಮುಖವೇ ನಿಜ ಒದರಿಬಿಡುತ್ತಿತ್ತು. “ಅಮ್ಮಂಗೆ ಗುಟ್ಟು ಹೇಳೋದೂ ಒಂದೇ, ಮೈಕಲ್ಲಿ ಕೂಗೋದೂ ಒಂದೇ” ಎಂದು ಮಗ ಬದುಕಿದ್ದಾಗ ಗೇಲಿ ಮಾಡುತ್ತಿದ್ದ.

ಆ ಮಗ ಲಿಫ್ಟ್ ರಿಪೇರಿಯವನು. ಮೆಚ್ಚಿದ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಹುಡುಗಿಯ ಮನೆಯವರಿಗೆ ಇವರ ಕುಲ ಸಾಲದಾಯಿತು. ವರ್ಷ ತುಂಬುವ ಮೊದಲೇ, ಹಾಡಹಗಲು, ಔಷಧದಂಗಡಿಯ ಮುಂದೆ, ಹೆಂಡತಿಯ ಕಣ್ಣೆದುರೇ ಅವನನ್ನು ಕೊಚ್ಚಿ ಹಾಕಿದರು. ಕೊಚ್ಚಿದವನು ಅವಳ ಒಡಹುಟ್ಟಿದ ಅಣ್ಣ. ಕಾರಿನಲ್ಲಿ ಕೂತು ಕಾದವನು ಅವಳ ಅಪ್ಪ. ಮರ್ಯಾದೆ ಹೋಗಿತ್ತಂತೆ. ಬರಿಗೈಯವನ ಬೆನ್ನಿಗೆ ಮಚ್ಚು ಬೀಸಿದರೆ ವಾಪಸು ಬರುವ ಆ ಮರ್ಯಾದೆ ಎಂಥದ್ದೋ, ಅವರೇ ಬಲ್ಲರು.

ಪೊಲೀಸರು ಮೊದಲು ಬೀದಿಜಗಳ ಅಂತ ಬರೆದುಕೊಂಡರು. ಕೊಲೆ ಅಂತ ಬರೆಯುವ ತನಕ ಲಾಂಡ್ರಿ ಅಕ್ಕ ಠಾಣೆಯ ಬೆಂಚು ಬಿಟ್ಟು ಏಳಲಿಲ್ಲ. ಆಮೇಲೆ ಶುರುವಾಯಿತು ನೋಡಿ ಅಲೆದಾಟ. ಜಡ್ಜ್ ಬದಲಾದರು, ವಕೀಲರು ಬದಲಾದರು, ವಾಯಿದೆಯ ಮೇಲೆ ವಾಯಿದೆ ಬಿತ್ತು. ಕಣ್ಣಾರೆ ಕಂಡಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಕಟಕಟೆ ಹತ್ತಿ ಕುರುಡರಾದರು. ಅಪ್ಪ, ಮಗ ಇಬ್ಬರೂ ಜಾಮೀನಿನ ಮೇಲೆ ಹೊರಗೆ ಬಂದರು. ಉಳಿದದ್ದು ಸೊಸೆಯ ಸಾಕ್ಷಿ ಒಂದೇ. “ಅವಳೂ ಜಾರಿದ್ರೆ ಕೇಸು ಅಲ್ಲಿಗೆ ಮುಗೀತು” ಎಂದು ಸರ್ಕಾರಿ ವಕೀಲರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಅಂದಿನಿಂದ ಸೊಸೆಯನ್ನು ಲಾಂಡ್ರಿ ಅಕ್ಕ ಒಂಟಿಯಾಗಿ ಬಿಟ್ಟದ್ದೇ ಇಲ್ಲ. ಮೇಲಿನವರ ಕೈಕಾಲು ಹಿಡಿದು ಲಾಂಡ್ರಿಯಲ್ಲೇ ಕೆಲಸ ಕೊಡಿಸಿದಳು. ಬಾಡಿಗೆ ಮನೆ ಬದಲಿಸಿ ಬದಲಿಸಿ ಸಾಕಾಯಿತು. ಬಾಗಿಲ ಮುಂದೆ ಬೈಕು ನಿಂತರೆ ಜೀವ ಬಾಯಿಗೆ ಬರುತ್ತಿತ್ತು. ಹಾಲಿನವನು ಬಾಗಿಲು ತಟ್ಟಿದರೂ ಕಿಟಕಿಯ ಸಂದಿಯಿಂದ ಅವನ ಎರಡೂ ಕೈ ನೋಡಿಯೇ ಚಿಲಕ ತೆಗೆಯುವಳು. ಕಾವಲಿಗೆಂದು ಕೊಟ್ಟಿದ್ದ ಕಾನ್‌ಸ್ಟೇಬಲ್ ಮನಸ್ಸು ಬಂದಾಗ ಬಂದು, ಟೀ ಕುಡಿದು ಹೋಗುತ್ತಿದ್ದ.

ಸಾಕ್ಷಿಯ ದಿನ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ವಾರ್ಡಿಗೆ ಬಟ್ಟೆ ಮುಟ್ಟಿಸಿ ತಳ್ಳುಗಾಡಿಯೊಂದಿಗೆ ಹಿಂದಿರುಗುವಾಗ, ಹಿಂದಿನ ಗೇಟಿನ ಹತ್ತಿರ ಸೊಸೆ ಯಾರೊಂದಿಗೋ ಮಾತಾಡುತ್ತಿದ್ದುದು ಕಂಡಿತು. ಬೀಗಿತ್ತಿ! ಸೊಸೆಯ ಹೆತ್ತ ತಾಯಿ. ಲಾಂಡ್ರಿ ಅಕ್ಕ ಅಲ್ಲಿದ್ದ ವ್ಯಾನಿನ ಮರೆಯಲ್ಲಿ ನಿಂತಳು.

“ಗಾಬರೀಲಿ ಯಾರ ಮುಖಾನೂ ನೋಡ್ಲಿಲ್ಲ ಅಂತ ಹೇಳು, ಸಾಕು” ಎನ್ನುತ್ತಿದ್ದಳು ಬೀಗಿತ್ತಿ. “ಎಷ್ಟಾದ್ರೂ ಅಣ್ಣ ಅಲ್ವೇನೇ? ಹೋದವನೇನು ವಾಪಸ್ ಬರ್ತಾನಾ?”

ಆಮೇಲಿನ ಮಾತು ಪಿಸುದನಿಯಲ್ಲಿ ನಡೆಯಿತು, ಕೇಳಿಸಲಿಲ್ಲ. ಕೊನೆಗೆ ಸೊಸೆ ತಲೆ ತಗ್ಗಿಸಿ, “ಆಯ್ತಮ್ಮ” ಅಂದಳು. ತಾಯಿ ಮಗಳ ತಲೆ ಸವರಿ ಹೊರಟುಹೋದಳು.

ಲಾಂಡ್ರಿ ಅಕ್ಕ ಏನೂ ಕಾಣದವಳಂತೆ ಲಾಂಡ್ರಿಗೆ ಮರಳಿದಳು, ಹಿಂದೆಯೇ ಸೊಸೆಯೂ ಬಂದಳು. ಮಂಚದ ಚಾದರ ಮಡಿಸಲು ಇಬ್ಬರು ಬೇಕು. ಎರಡು ತುದಿ ಹಿಡಿದು ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಸೊಸೆ ಹಾಗೆ ಹತ್ತಿರ ಬಂದಾಗ ಕೇಳಿಯೇಬಿಟ್ಟಳು: “ಯಾರಾದ್ರೂ ಸಿಕ್ಕಿದ್ರಾ?”

“ಇಲ್ವಲ್ಲ ಅತ್ತೆ.” ರೆಪ್ಪೆ ಕೂಡ ಅಲುಗಲಿಲ್ಲ.

ಹೊರಗಿನವರ ಭಯವಾದರೆ ಚಿಲಕ ಹಾಕಬಹುದು. ಪಕ್ಕದಲ್ಲೇ ಮಲಗುವವಳ ಭಯಕ್ಕೆ ಏನು ಮಾಡುವುದು? ಇವಳು ಕೈಕೊಟ್ಟರೆ ಮಗ ಎರಡನೇ ಸಲ ಸತ್ತಂತೆ. ವಕೀಲರಿಗೆ ಹೇಳಲು ಫೋನು ಹಿಡಿದು, ಹಿಡಿದು, ಇಟ್ಟಳು. ಹೇಳಿದರೆ ಅವರೂ ಕೈಬಿಟ್ಟಾರು. ಮುಖ ಬಾಡಿತು, ಸೊಸೆಯೊಂದಿಗೆ ಮಾತೂ ನಿಂತಿತು. ಜ್ವರವೇ ಎಂದು ಕೇಳದವರಿಲ್ಲ. ಸೊಸೆಯ ಅಣ್ಣನ ಗೆಳೆಯನೊಬ್ಬ ಸಂಜೆಸಂಜೆ ಗೇಟಿನೆದುರು ಬಂದು ನಿಂತು, ಇವಳ ಮುಖ ದಿಟ್ಟಿಸಿ, ನಕ್ಕು ಹೋಗುತ್ತಿದ್ದ. 

ಆ ದಿನ ಬಂತು. ಸೊಸೆ ಕಟಕಟೆ ಹತ್ತಿದಳು. ಕೊಂದವರು ಯಾರೆಂದು ಸರ್ಕಾರಿ ವಕೀಲರು ಕೇಳಿದರು. ಅವಳು ಹಿಂದಿನ ಬೆಂಚಿನಲ್ಲಿದ್ದ ತಾಯಿಯ ಕಡೆ ನೋಡಿದಳು. ಲಾಂಡ್ರಿ ಅಕ್ಕ ಕಣ್ಣು ಮುಚ್ಚಿಕೊಂಡಳು.

“ಮಚ್ಚು ಬೀಸಿದ್ದು ಇವನೇ. ನನ್ನ ಅಣ್ಣ. ಕಾರಲ್ಲಿ ಕೂತಿದ್ದೋರು ನನ್ನ ಅಪ್ಪ.”

ಎದುರು ವಕೀಲರು ಎದ್ದರು. “ಇದೆಲ್ಲ ನಿಮ್ಮತ್ತೆ ಹೇಳಿಕೊಟ್ಟಿದ್ದು, ಅಲ್ವೇನಮ್ಮಾ?”

“ಅತ್ತೆ ನನ್ನ ಹತ್ರ ಸರಿಯಾಗಿ ಮಾತಾಡಿ ತಿಂಗಳಾಯ್ತು ಸಾರ್.”

ಹೊರಗೆ ವರಾಂಡದಲ್ಲಿ ಲಾಂಡ್ರಿ ಅಕ್ಕ ಅವಳ ರಟ್ಟೆ ಹಿಡಿದಳು. “ಮತ್ತೆ ಅವತ್ತು ನಿಮ್ಮಮ್ಮಂಗೆ ಆಯ್ತು ಅಂದೆಯಲ್ಲೇ! ನನ್ನ ಕಿವಿಯಾರೆ ಕೇಳಿದೀನಿ.”

“ಇಲ್ಲ ಅಂದಿದ್ರೆ ನಿಮ್ಮನ್ನ ಮುಗಿಸ್ತಿದ್ರು. ಅಮ್ಮನೇ ಹಾಗಂದ್ಳು. ನಿಮಗೆ ಹೇಳೋ ಹಾಗಿರ್ಲಿಲ್ಲ ಅತ್ತೆ. ಸುಮ್ನೆ ಆಯ್ತು ಅಂದಿದ್ದು ಅಂತ ಹೇಳಿದ್ರೆ ನಿಮ್ಮ ಮುಖ ಅರಳಿಬಿಡ್ತಿತ್ತು. ಅಣ್ಣನ ಗೆಳೆಯ ದಿನಾ ಗೇಟಿಗೆ ಬರ್ತಿದ್ದಿದ್ದೇ ಅದನ್ನ ನೋಡೋಕೆ.”

ಲಾಂಡ್ರಿ ಅಕ್ಕನಿಗೆ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು. ಎರಡೂ ಆಗದೆ ಅಳು ಬಂತು. ಅಷ್ಟರಲ್ಲಿ ವಕೀಲರು ಬಂದು ಇನ್ನು ವಾದ ಇದೆ, ತೀರ್ಪು ಇದೆ, ಆಮೇಲೆ ಅವರು ಅಪೀಲಿಗೆ ಹೋಗೇ ಹೋಗುತ್ತಾರೆ, ವರ್ಷಗಳೇ ಹಿಡಿದಾವು ಎಂದರು. ಅಲ್ಲಿಯವರೆಗೆ ಜಾಮೀನು? ಇದ್ದೇ ಇರುತ್ತದೆ.

ಮೆಟ್ಟಿಲ ಬುಡದಲ್ಲಿ ಆ ಅಣ್ಣ ಕಾರಿಗೆ ಒರಗಿ ನಿಂತಿದ್ದ. ಇವರನ್ನೇ ದಿಟ್ಟಿಸುತ್ತಿದ್ದ. ಕಟಕಟೆಯಲ್ಲಿ ಅಲುಗದಿದ್ದ ಸೊಸೆ ಅತ್ತೆಯ ಸೆರಗು ಹಿಡಿದಳು.

“ಅತ್ತೆ, ಈಗ ನಂಗೆ ಭಯ ಆಗ್ತಿದೆ.”

“ಇಷ್ಟು ವರ್ಷದಿಂದ ನಂಗೆ ಇನ್ನೇನು ಕೆಲಸ ಅಂದ್ಕೊಂಡೆ? ಹೆದರ್ಕೊಂಡೇ ನಡೀಬಹುದು, ಬಾ” ಎಂದಳು ಲಾಂಡ್ರಿ ಅಕ್ಕ. ಹೊರಗೆ ಹೋಗಲು ಬೇರೆ ದಾರಿಯಿರಲಿಲ್ಲ. ಸೊಸೆಯನ್ನು ಗೋಡೆಯ ಕಡೆಗೆ ಹಾಕಿಕೊಂಡು, ತಾನು ಅವನ ಕಡೆಗಾಗಿ ಮೆಟ್ಟಿಲಿಳಿದಳು.