ಆಯಿಲ್ ಚಾಲೂ ನೋಡು

ದೇವಿದಾಸನ ಜೇಬಿನಲ್ಲಿ ಸದಾ ಒಂದು ಕಾರ್ಡು ಇರುತ್ತಿತ್ತು. ‘ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸ್ಪೆಷಲಿಸ್ಟ್, ಜಹೀರಾಬಾದ್’ ಎಂದು ತನ್ನ ಹೆಸರಿನ ಕೆಳಗೆ ಬಂಗಾರದ ಅಕ್ಷರದಲ್ಲಿ ಅಂಥ ಇನ್ನೂರು ಕಾರ್ಡು ಅಚ್ಚು ಹಾಕಿಸಿದ್ದ. ಈವರೆಗೆ ಆತ ಬಿಚ್ಚಿ ನೋಡಿದ್ದ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳು ಎರಡು. ಅವೂ ಮೊಬೈಲಿನ ವಿಡಿಯೊದಲ್ಲಿ, ಬೇರೆಯವರ ಕೈಯಿಂದ.

ಮೊಗುಡಂಪಲ್ಲಿಯಿಂದ ದಿನಾ ಬಸ್ಸು ಹಿಡಿದು ಜಹೀರಾಬಾದಿನ ಖಂಡೆಪ್ಪನ ಗ್ಯಾರೇಜಿಗೆ ದುಡಿಯಲು ಬರುವ ಈ ಸ್ಪೆಷಲಿಸ್ಟ್ ಕೆಲಸ ಕಲಿತದ್ದು ನಾರಾಯಣಖೇಡದ ಟ್ರ್ಯಾಕ್ಟರುಗಳ ಕೆಳಗೆ ಮಲಗಿ. ಎಂಥ ಗಾಡಿ ಬಂದರೂ ಕ್ಲಚ್ ಪ್ಲೇಟು ಹೋಗಿದೆ ಎಂದುಬಿಡುತ್ತಿದ್ದ. ಹತ್ತರಲ್ಲಿ ಏಳು ಸಲ ನಿಜವೂ ಆಗುತ್ತಿತ್ತು.

ಆದರೆ ಆ ಭಾನುವಾರ ಮಧ್ಯಾಹ್ನ ಆತನ ಮುಂದೆ ನಿಂತಿದ್ದ ಗಾಡಿಗೆ ಕ್ಲಚ್ ಪೆಡಲೇ ಇರಲಿಲ್ಲ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ ಆನಂದಕುಮಾರ ಹಳೆಯ ಆಟೊಮ್ಯಾಟಿಕ್ ಕಾರೊಂದನ್ನು ಕೊಂಡು, ಹಿಂದಿನ ಸೀಟು, ಸೈಲೆನ್ಸರು ಎಲ್ಲ ಕಿತ್ತು ಡ್ರ್ಯಾಗ್ ರೇಸಿಗೆ ಇಳಿಸಿದ್ದ. ತಾಂಡೂರಿನಾಚೆ ಯಾವುದೋ ಕಾರ್ಖಾನೆ ಬಿಟ್ಟುಹೋದ ನೇರ ರಸ್ತೆಯ ಮೇಲೆ ಎರಡೆರಡು ಕಾರು ಜೋಡಿಯಾಗಿ ಓಡಬೇಕು. ಬೆಳಗಿನ ಓಟದಲ್ಲಿ ಆತನ ಕಾರು ಅರಚಿತ್ತು, ಇಂಜಿನ್ ಸುತ್ತು ತೋರಿಸುವ ಮೀಟರಿನ ಮುಳ್ಳು ಮೇಲಕ್ಕೆ ಹಾರಿತ್ತು. ಗಾಡಿ ಮಾತ್ರ ಊಟ ಮಾಡಿದ ಎಮ್ಮೆಯ ಹಾಗೆ ಎದ್ದು ಹೊರಟಿತ್ತು. ಎದುರಾಳಿ ಕಾರಿನಲ್ಲೇ ಏನೋ ಕೆಟ್ಟು ನಿಂತಿದ್ದರಿಂದ ಆನಂದಕುಮಾರ ಸ್ಪರ್ಧೆಯಲ್ಲಿ ಉಳಿದುಕೊಂಡ. ಮುಂದಿನ ಓಟ ನಾಲ್ಕು ಗಂಟೆಗೆ.

“ಜಾರ್ಲಿಕತ್ತದ,” ಎಂದ ಆನಂದಕುಮಾರ. “ಕನ್ವರ್ಟರ್ ಹೋಗ್ಯಾದ. ಇವತ್ತ ಓಡಲಿಲ್ಲಂದ್ರ ಗುಜರಿಗಿ ಹಾಕ್ತೀನಿ.”

ಜಹೀರಾಬಾದಿನಿಂದ ದೇವಿದಾಸನನ್ನು ಕರೆದುಕೊಂಡು ರೇಸಿಗೆ ಬಂದಿದ್ದ ಖಂಡೆಪ್ಪ ಆತನ ಕಡೆ ತಿರುಗಿದ. “ಹತ್ತು ದಿನದ ಹಿಂದ ಇದರ ಸರ್ವಿಸ್ ಮಾಡಿದಾವ ನೀ. ನಾಕಕ್ಕ ಓಡಲಿಲ್ಲಂದ್ರ ನಾಳೆ ನೀ ಬರಬ್ಯಾಡ, ದೇವ್ಯಾ.”

ಕನ್ವರ್ಟರ್ ಎಂದರೆ ಆಯಿಲಿನೊಳಗೆ ಎದುರುಬದುರು ಕೂತ ಎರಡು ಫ್ಯಾನುಗಳಿದ್ದಂತೆ. ಇಂಜಿನ್ ಒಂದನ್ನು ತಿರುಗಿಸಿದರೆ ಅದು ಆಯಿಲನ್ನು ಎರಚುತ್ತದೆ, ಆಯಿಲ್ ಇನ್ನೊಂದನ್ನು ತಿರುಗಿಸುತ್ತದೆ. ಇಷ್ಟು ದೇವಿದಾಸನಿಗೆ ವಿಡಿಯೊದಿಂದ ಗೊತ್ತಿತ್ತು. ಆನಂದಕುಮಾರನನ್ನು ಕೂರಿಸಿ ಬ್ರೇಕ್ ಒತ್ತಿಸಿ, ಗೇರಿಗೆ ಹಾಕಿಸಿ, ಎಕ್ಸಲರೇಟರ್ ಪೂರ್ತಿ ತುಳಿಸಿದ. ಕನ್ವರ್ಟರ್ ಹಿಡಿದಿದ್ದರೆ ಎರಡೂವರೆ ಸಾವಿರ ಸುತ್ತಿಗೆ ನಿಲ್ಲಬೇಕಾದ ಮುಳ್ಳು ನಾಲ್ಕು ಸಾವಿರ ದಾಟಿತು. ಒಳಗಿನಿಂದ ಕೊಳವೆಬಾವಿ ಬತ್ತಿದಾಗ ಪಂಪು ಗಾಳಿ ಎಳೆಯುವಂಥ ಸದ್ದು.

“ಸಾಕ್ರಿ, ಬಿಡ್ರಿ!” ಎಂದು ಕೂಗಿ, ಗಾಬರಿಯಲ್ಲಿ ಇಂಜಿನ್ ಬಂದ್ ಮಾಡಿಸುವುದನ್ನೂ ಮರೆತು ಗೇರ್ ಆಯಿಲಿನ ಅಳತೆ ಕಡ್ಡಿಯನ್ನು ಎಳೆದ. ಕಡ್ಡಿಯ ತುದಿಗೆ ನಾಲ್ಕು ಗುಳ್ಳೆ ಹತ್ತಿದ್ದವು. ಗೆರೆಯ ಹತ್ತಿರ ಆಯಿಲಿನ ಸುಳಿವೇ ಇಲ್ಲ.

ಸರ್ವಿಸಿನ ದಿನ ಇದೇ ಆಯಿಲ್ ಗೆರೆಗಿಂತ ಮೇಲಿತ್ತಲ್ಲ! ಆಗ ಇಂಜಿನ್ ಬಂದ್ ಇತ್ತು. ಬಂದ್ ಆದಾಗ ಕನ್ವರ್ಟರಿನ ಆಯಿಲ್ ಕೆಳಗಿಳಿದು ಮಟ್ಟ ಏರುತ್ತದೆ. ದೇವಿದಾಸನಿಗೆ ಈಗ ಖಂಡೆಪ್ಪನ ಅಂದಿನ ಫೋನು ನೆನಪಾಯಿತು: “ಆಯಿಲ್ ಚಾಲೂ ನೋಡು.” ಇಂಜಿನ್ ಚಾಲೂ ಇಟ್ಟು ನೋಡು ಎಂದು ಉಸ್ತಾದ್ ಹೇಳಿದ್ದ. ಈತ ಆಯಿಲನ್ನು ಮೂಸಿ, ಬೆರಳಲ್ಲಿ ಉಜ್ಜಿ, ಇದು ಅಗ್ಗದ ಚಾಲೂ ಮಾಲಲ್ಲ, ಅಸಲಿ ಎಂದು ತೀರ್ಮಾನಿಸಿ, ‘ಹೆಚ್ಚಾದ’ ಒಂದೂಕಾಲು ಲೀಟರ್ ಹೊರತೆಗೆದಿದ್ದ.

ಕನ್ವರ್ಟರ್ ಹೋಗಿದ್ದರೆ ಆನಂದಕುಮಾರನ ಗಾಡಿ ಹೋಯಿತು. ಹೋಗಿಲ್ಲವಾದರೆ ತಪ್ಪು ದೇವಿದಾಸನದು, ನೌಕರಿ ಹೋಯಿತು. ಇನ್ನೊಂದು ಓಟ ಹೀಗೇ ಓಡಿದರೆ ಎರಡೂ ಹೋದವು.

ಆನಂದಕುಮಾರ ಇಂಜಿನ್ ಬಂದ್ ಮಾಡಿ, ಚಾವಿ ಕಿತ್ತುಕೊಂಡು ಖಂಡೆಪ್ಪನ ಜೊತೆ ನೆರಳಿಗೆ ಹೋದ. ದೇವಿದಾಸ ಕೂಡಲೇ ತನ್ನ ಚೀಲಕ್ಕೆ ಕೈ ಹಾಕಿದ. ಅಂದು ಹೊರತೆಗೆದ ಕೆಂಪು ಆಯಿಲ್ ಅಲ್ಲೇ ಇತ್ತು, ನೀರಿನ ಬಾಟಲಿಯಲ್ಲಿ. ತಾಂಡೂರಿನ ಭಾವನ ಟ್ರ್ಯಾಕ್ಟರಿಗೆ ಕೊಡಲು ತಂದಿದ್ದ. ಸದ್ದಿಲ್ಲದೆ ಸುರಿದುಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಆದರೆ ಮುಚ್ಚಳ ಸಡಿಲಾಗಿ ಒಂದಷ್ಟು ಆಯಿಲನ್ನು ಬುತ್ತಿಯ ರೊಟ್ಟಿ ಕುಡಿದಿತ್ತು. ಉಳಿದದ್ದು ಸಾಕೋ ಇಲ್ಲವೋ ಕಡ್ಡಿಯೇ ಹೇಳಬೇಕು, ಅದೂ ಇಂಜಿನ್ ಚಾಲೂ ಇದ್ದಾಗ. ಸೈಲೆನ್ಸರ್ ಇಲ್ಲದ ಆ ಗಾಡಿಯನ್ನು ಚಾಲೂ ಮಾಡಿ ಗುಟ್ಟು ಕಾಯುವುದೆಂದರೆ ಬ್ಯಾಂಡ್ ಬಾರಿಸಿಕೊಂಡು ಕಳ್ಳತನಕ್ಕೆ ಹೋದಂತೆ.

ಗಡಿಯಾರದಲ್ಲಿ ಮೂರೂವರೆ. ಬಾಟಲಿ ಹಿಡಿದು ನೆರಳಿನ ಕಡೆ ನಡೆದ.

“ಸಾವ್ಕಾರ್ರ, ಚಾವಿ ಕೊಡ್ರಿ. ಆಯಿಲ್ ಹಾಕಬೇಕು.”

“ಅದೆಲ್ಲಿದು ಆಯಿಲ್?” ಖಂಡೆಪ್ಪ ಕೇಳಿದ.

“ಇದೇ ಗಾಡಿದು ರೀ ಉಸ್ತಾದ್. ಹೆಚ್ಚಾಗ್ಯಾದ ಅನಕೊಂಡು ನಾನೇ ತೆಗ್ದಿದ್ದೆ.”

“ತೆಗ್ದಿದ್ದು ನಿನ್ನ ಚೀಲದಾಗ ಯಾಕ ಕುಂತದ?”

“ಭಾವನ ಟ್ರ್ಯಾಕ್ಟರಿಗಿ...”

“ನಾ ಫೋನ್‌ದಾಗ ಏನಂದಿದ್ದೆ?”

“ಚಾಲೂ ನೋಡು ಅಂದಿದ್ರಿ. ನಾ ಮಾಲು ಚಾಲೂ ಅದೋ ಅಸಲಿ ಅದೋ ನೋಡ್ದೆ ರೀ.”

ಆನಂದಕುಮಾರ ನಗಲೋ ಹೊಡೆಯಲೋ ತಿಳಿಯದೆ ನಿಂತ. “ಖಂಡೆಪ್ಪ, ನಿನ್ನ ಡಾಕ್ಟರ್ ರಕ್ತ ತಾನೇ ತೆಗ್ದು, ಪೇಶಂಟಿಗಿ ಚಕ್ಕರ್ ಯಾಕ ಬರ್ತದ ಅಂತ ನೋಡ್ಲಿಕತ್ಯಾನ!” ಎಂದು ಚಾವಿ ಎಸೆದ.

ಇಂಜಿನ್ ಗುಡುಗಿತು. ಓಟ ನೋಡಲು ಬಂದವರಲ್ಲಿ ಅರ್ಧ ಜನ ಸುತ್ತ ನೆರೆದರು. ಎಲ್ಲರೆದುರು ದೇವಿದಾಸ ಸುರಿದ, ಕಡ್ಡಿ ಎಳೆದ, ಒರೆಸಿದ, ಮತ್ತೆ ಸುರಿದ. ಬಾಟಲಿ ಖಾಲಿಯಾಗುವ ಹೊತ್ತಿಗೆ ಆಯಿಲ್ ಕೆಳಗಿನ ಗೆರೆಯನ್ನು ಮುಟ್ಟಿತ್ತು. ಬ್ರೇಕ್ ಒತ್ತಿ ತುಳಿದಾಗ ಮುಳ್ಳು ಎರಡೂವರೆ ಸಾವಿರಕ್ಕೇ ನಿಂತು ಗಡಗಡ ನಡುಗಿತು. ದೇವಿದಾಸ ಕಡ್ಡಿಯನ್ನು ಇನ್ನೊಮ್ಮೆ ಒರೆಸಿ ಒಳಗಿಟ್ಟ.

ನಾಲ್ಕರ ಓಟದಲ್ಲಿ ಗಾಡಿ ಬಿಟ್ಟ ಬಾಣದಂತೆ ಹೋಯಿತು. ಅರ್ಧ ಕಾರಿನ ಅಂತರದಲ್ಲಿ ಸೋತಿತು. ಆದರೆ ಜಾರಲಿಲ್ಲ.

ಖಂಡೆಪ್ಪ ತನ್ನ ಗಾಡಿಯಲ್ಲೇ ದೇವಿದಾಸನನ್ನು ಜಹೀರಾಬಾದಿಗೆ ಕರೆತಂದ. ಬಸ್‌ಸ್ಟ್ಯಾಂಡಿನಲ್ಲಿ ಇಳಿಸುವಾಗ ಅಂದ: “ನಾಳೆ ಬರುವಾಗ ಆ ಕಾರ್ಡ್ ಎಲ್ಲಾ ತಗೊಂಡು ಬಾ. ಒಂದೂ ಮನ್ಯಾಗ ಉಳಿಬಾರ್ದು.”

ಈಗ ಆ ಗ್ಯಾರೇಜಿಗೆ ಬರುವ ಪ್ರತಿ ಆಟೊಮ್ಯಾಟಿಕ್ ಗಾಡಿಯ ಸ್ಟಿಯರಿಂಗಿಗೆ ಒಂದು ಕಾರ್ಡು ಜೋತುಬಿದ್ದಿರುತ್ತದೆ. ಮುಂಭಾಗದಲ್ಲಿ ಸ್ಪೆಷಲಿಸ್ಟನ ಹೆಸರು. ಹಿಂಭಾಗದಲ್ಲಿ ಅದೇ ಸ್ಪೆಷಲಿಸ್ಟನ ಕೈಬರಹ: ‘ಇಂಜಿನ್ ಚಾಲೂ ಇಟ್ಟು ಆಯಿಲ್ ನೋಡಬೇಕು.’ ನೂರಾ ಎಂಬತ್ತು ಕಾರ್ಡು ಇನ್ನೂ ಬರೆಯುವುದಿದೆ.